ಅಟ್ಲಾಂಟಾದಿಂದ ಫ್ರೀಮಾಂಟ್‌ಗೆ: ಮೂವತ್ತು ದಿನದ ಅನುಮತಿಯ ಒಂದು ಪ್ರಕರಣ

ಜಾರ್ಜಿಯಾದ ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾದಲ್ಲಿದ್ದ ಎಳೆಬಾಣಂತಿಯೊಬ್ಬರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಕನ್ನಡ ಬಲ್ಲ ಕೌನ್ಸೆಲರ್ ಒಬ್ಬರ ಜತೆ ಮಾತಾಡುತ್ತಿದ್ದರು. 2024ರ ಸೆಪ್ಟೆಂಬರಿನಲ್ಲಿ ಗಂಡನ ಕೆಲಸ ಕ್ಯಾಲಿಫೋರ್ನಿಯಾಕ್ಕೆ ಬದಲಾಯಿತು. ಲ್ಯಾಪ್‌ಟಾಪ್ ಅದೇ, ಕೌನ್ಸೆಲರ್ ಅವರೇ, ಕಾಯಿಲೆಯೂ ಅದೇ. ಫ್ರೀಮಾಂಟ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತು ಮಾಡುವ ಕರೆ ಮಾತ್ರ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದವರು ಕೊಡುವ ಚಿಕಿತ್ಸೆಯಾಗುತ್ತಿತ್ತು.

ಇಲ್ಲಿ ಬರುವ ತಾಯಿಯಾಗಲಿ ಕೌನ್ಸೆಲರ್ ಆಗಲಿ ನಿಜವಾದ ಯಾರೊಬ್ಬರೂ ಅಲ್ಲ. ಅಮೆರಿಕದ ಕನ್ನಡ ಸಂಸಾರಗಳಲ್ಲಿ ನಡೆಯಬಹುದಾದ್ದನ್ನು ಒಂದು ಪ್ರಕರಣವಾಗಿ ಕಟ್ಟಿಕೊಂಡಿದ್ದೇನೆ. ಕಾನೂನು, ಇಸವಿ, ಸಂಸ್ಥೆಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ತಾಯಿಗೆ ಇಪ್ಪತ್ತೊಂಬತ್ತು ವರ್ಷ, ಶಿವಮೊಗ್ಗ ಕಡೆಯವರು. ಎಚ್-4 ವೀಸಾ, ಅಂದರೆ ಗಂಡನ ಎಚ್-1ಬಿ ಕೆಲಸದ ವೀಸಾವನ್ನು ನೆಚ್ಚಿಕೊಂಡು ಇರುವವರು. ಜನವರಿಯಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆ ಡಿಸೆಂಬರಿನಲ್ಲೇ ಊರಿಂದ ಅಮ್ಮ ಬಂದಿದ್ದರು. ಸಂದರ್ಶಕ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು, ಹಾಗಾಗಿ ಜೂನ್ ಹೊತ್ತಿಗೆ ಅವರು ಹೊರಡಲೇಬೇಕಾಯಿತು. ತೊಂದರೆ ಅಮ್ಮ ಇದ್ದಾಗಲೇ ಶುರುವಾಗಿತ್ತು. ಮಗು ಮಲಗಿದರೂ ಇವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತಲ್ಲೇ ಅಳು ಬರುತ್ತಿತ್ತು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೈಗೆ ಒಂದು ಹಾಳೆ ಕೊಟ್ಟರು. ಅದು ಎಡಿನ್‌ಬರೊ ಪ್ರಶ್ನಾವಳಿ: 10 ಪ್ರಶ್ನೆ, ಒಟ್ಟು 30 ಅಂಕ. 13 ಮುಟ್ಟಿದರೆ ಹೆರಿಗೆಯ ನಂತರದ ಖಿನ್ನತೆ ಇರಬಹುದೆಂದು ಮುಂದಿನ ತಪಾಸಣೆಗೆ ಕಳಿಸುವುದು ವಾಡಿಕೆ. ಇವರದು ಅದನ್ನು ದಾಟಿತ್ತು.

ಇಂಗ್ಲಿಷ್ ಬಾರದವರೇನಲ್ಲ, ಎಂಜಿನಿಯರಿಂಗ್ ಓದಿದವರು. ಆದರೂ ಮೊದಲು ಸಿಕ್ಕ ಇಂಗ್ಲಿಷ್ ಕೌನ್ಸೆಲರ್ ಮುಂದೆ ಎರಡು ವಾರ ಕೂತು ಬಂದು, ಇನ್ನು ಹೋಗುವುದಿಲ್ಲ ಎಂದುಬಿಟ್ಟರು. ಹಾಲು ಸಾಲದೆಂದು ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುವುದು, ಮೆಂತ್ಯದ ಮುದ್ದೆ ತಿನ್ನಲಾರೆ ಎಂದರೆ ಮುನಿಸಿಕೊಳ್ಳುವುದು, ಅದೇ ಅಮ್ಮ ಹೊರಡುವುದನ್ನು ನೆನೆದರೆ ಎದೆ ಒಡೆದಂತಾಗುವುದು, ಇವೆಲ್ಲದರ ಹಿನ್ನೆಲೆ ವಿವರಿಸುವುದರಲ್ಲೇ ಐವತ್ತು ನಿಮಿಷ ಮುಗಿದುಹೋಗುತ್ತಿತ್ತು. ಏಪ್ರಿಲ್‌ನಲ್ಲಿ ಕನ್ನಡಕೂಟದ ಪರಿಚಯಸ್ಥರೊಬ್ಬರ ಮೂಲಕ ಅಟ್ಲಾಂಟಾದಲ್ಲೇ ಇರುವ ಕನ್ನಡದ ಕೌನ್ಸೆಲರ್ ಸಿಕ್ಕರು. ಜಾರ್ಜಿಯಾದ ಎಲ್‌ಪಿಸಿ, ಅಂದರೆ ಕೌನ್ಸೆಲರ್ ವೃತ್ತಿಯ ಲೈಸೆನ್ಸ್ ಇದ್ದವರು. ವಿಡಿಯೊದಲ್ಲಿ ಚಿಕಿತ್ಸೆ ಕೊಡಲು ಆ ರಾಜ್ಯ ಕೇಳುವ 6 ಗಂಟೆಯ ತರಬೇತಿಯನ್ನೂ ಮುಗಿಸಿದ್ದರು. ಬೆಳಗ್ಗೆ ಹತ್ತಕ್ಕೆ, ಮಗು ಮಲಗುವ ಹೊತ್ತಿಗೆ ಸರಿಯಾಗಿ ಕರೆ. ಆಗಸ್ಟ್ ವೇಳೆಗೆ ಅಂಕ 13ರ ಕೆಳಗಿಳಿದಿತ್ತು. ಪೂರ್ತಿ ಗುಣವಾಗಿರಲಿಲ್ಲ, ದಾರಿ ಮಾತ್ರ ಸರಿಯಾಗಿತ್ತು.

ಪ್ರತಿ ಕರೆಯೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತಿತ್ತು.

“ಇವತ್ತು ಎಲ್ಲಿ ಕೂತಿದ್ದೀರಿ?”

“ಮನೇಲೇ ಮೇಡಂ, ಬೆಡ್‌ರೂಮಲ್ಲಿ.”

“ಅಡ್ರೆಸ್ ಅದೇ ತಾನೆ?”

“ಹೂಂ, ಅದೇ.”

ಉಪಚಾರದ ಮಾತಿನಂತೆ ಕೇಳಿಸುವ ಈ ಪ್ರಶ್ನೆಗೆ ಎರಡು ಕಾರಣ ಇವೆ. ಕರೆಯ ಮಧ್ಯೆ ಜೀವಕ್ಕೆ ಅಪಾಯ ಎನಿಸಿದರೆ ಆಂಬುಲೆನ್ಸ್ ಯಾವ ವಿಳಾಸಕ್ಕೆ ಹೋಗಬೇಕೆಂದು ಗೊತ್ತಿರಬೇಕು. ಆ ಗಳಿಗೆಯಲ್ಲಿ ಯಾವ ರಾಜ್ಯದ ಕಾನೂನು ತಮಗೆ ಅನ್ವಯಿಸುತ್ತದೆ ಎಂಬುದೂ ಗೊತ್ತಿರಬೇಕು. ಆಗಸ್ಟಿನ ಒಂದು ಬೆಳಗ್ಗೆ ಉತ್ತರ ಉದ್ದವಾಯಿತು: “ಇವತ್ತು ಮನೇಲೇ ಮೇಡಂ. ಆದ್ರೆ ಮುಂದಿನ ತಿಂಗಳು ಫ್ರೀಮಾಂಟ್‌ಗೆ ಶಿಫ್ಟ್ ಆಗ್ತಿದೀವಿ. ನಮ್ಮದು ಹೇಗೂ ವಿಡಿಯೊ ಅಲ್ವಾ, ಏನೂ ತೊಂದ್ರೆ ಆಗಲ್ಲ ಅಲ್ವಾ?”

ಗಡಿ ಎಲ್ಲಿಂದ ಬಂತು

ತೊಂದರೆ ಇತ್ತು. ಅಮೆರಿಕದಲ್ಲಿ ವೃತ್ತಿಗೆ ಲೈಸೆನ್ಸ್ ಕೊಡುವುದು ರಾಜ್ಯಗಳ ಅಧಿಕಾರ. ವೈದ್ಯರ ವಿಷಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1889ರಲ್ಲೇ ವೆಸ್ಟ್ ವರ್ಜೀನಿಯಾದ ಒಂದು ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿದಿದೆ. ಕೌನ್ಸೆಲರ್‌ಗಳ ಸರದಿ ಬಹಳ ತಡವಾಗಿ ಬಂತು. ಮೊದಲ ಲೈಸೆನ್ಸ್ ಕಾನೂನು ಮಾಡಿದ್ದು ವರ್ಜೀನಿಯಾ, 1976ರಲ್ಲಿ. ಕೊನೆಯದು ಇದೇ ಕ್ಯಾಲಿಫೋರ್ನಿಯಾ, 2009ರಲ್ಲಿ. ಮೂವತ್ತು ಚಿಲ್ಲರೆ ವರ್ಷದಲ್ಲಿ ಒಂದೊಂದು ರಾಜ್ಯವೂ ತನಗೆ ತೋಚಿದಂತೆ ಮಾಡಿಕೊಂಡ ಕಾರಣ ಹೆಸರುಗಳೂ ಒಂದೇ ಇಲ್ಲ. ಜಾರ್ಜಿಯಾದಲ್ಲಿ ಎಲ್‌ಪಿಸಿ, ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪಿಸಿಸಿ, ಮೇರಿಲ್ಯಾಂಡ್‌ನಲ್ಲಿ ಎಲ್‌ಸಿಪಿಸಿ, ಫ್ಲಾರಿಡಾ ಮತ್ತು ನ್ಯೂಯಾರ್ಕ್‌ನಲ್ಲಿ ಎಲ್‌ಎಂಎಚ್‌ಸಿ. ಓದು ಹೆಚ್ಚುಕಡಿಮೆ ಒಂದೇ, ಮಾಸ್ಟರ್ಸ್ ಪದವಿ. ಅದಾದ ಮೇಲೆ ಹಿರಿಯರ ಕೈಕೆಳಗೆ ಮಾಡಬೇಕಾದ ಗಂಟೆಗಳ ಲೆಕ್ಕ ಊರೂರಿಗೆ ಬೇರೆ.

ಚಿಕಿತ್ಸೆ ನಡೆಯುವುದು ಎಲ್ಲಿ ಎಂಬ ಪ್ರಶ್ನೆಗೆ ರಾಜ್ಯಗಳು ಕೊಟ್ಟುಕೊಂಡಿರುವ ಉತ್ತರ ಒಂದೇ: ರೋಗಿ ಕೂತಿರುವ ಜಾಗದಲ್ಲಿ. ಕೌನ್ಸೆಲರ್ ಅಟ್ಲಾಂಟಾದ ತಮ್ಮ ಕುರ್ಚಿಯಿಂದ ಅಲ್ಲಾಡದಿದ್ದರೂ ತಾಯಿ ಫ್ರೀಮಾಂಟಿನಲ್ಲಿದ್ದರೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಬೇಕು.

ಇದು ಬರೀ ಸರ್ಕಾರಿ ಹಠ ಎಂದು ತಳ್ಳಿಹಾಕುವಂತಿಲ್ಲ. ಯಾರಾದರೂ ಜೀವ ತೆಗೆದುಕೊಳ್ಳುವ ಸ್ಥಿತಿಯಲ್ಲಿದ್ದರೆ ಜಾರ್ಜಿಯಾದಲ್ಲಿ 1013 ಎಂಬ ಫಾರಂ ಭರ್ತಿ ಮಾಡಿ ಆಸ್ಪತ್ರೆಗೆ ಕಳಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 5150 ಎಂಬ ಕಲಮಿನಡಿ 72 ಗಂಟೆ ಹಿಡಿದಿಡಬಹುದು. ಯಾರು ಸಹಿ ಹಾಕಬಹುದು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಬೇರೆಬೇರೆ. ರೋಗಿ ಮೂರನೆಯವರಿಗೆ ಹಾನಿ ಮಾಡುವ ಬೆದರಿಕೆ ಹಾಕಿದರೆ ಅವರನ್ನು ಕಾಪಾಡುವ ಹೊಣೆ ಚಿಕಿತ್ಸಕರದೂ ಹೌದು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1976ರ ಟಾರಾಸಾಫ್ ತೀರ್ಪಿನಲ್ಲಿ ಹೇಳಿತು. ಎಲ್ಲ ರಾಜ್ಯಗಳೂ ಅದನ್ನು ಹಾಗೆಯೇ ಒಪ್ಪಿಲ್ಲ. ತಪ್ಪಾದರೆ ದೂರು ಕೊಡಲು ತನ್ನದೇ ರಾಜ್ಯದಲ್ಲಿ ಒಂದು ಮಂಡಳಿ ಇರಬೇಕು ಎಂಬುದು ರೋಗಿಯ ಕಡೆಯಿಂದ ನೋಡಿದರೂ ಸರಿಯೇ. ನನ್ನ ತಕರಾರು ಗಡಿ ಇದೆಯೆಂದಲ್ಲ, ನಡುವೆ ಅರ್ಧಕ್ಕೆ ನಿಂತ ಚಿಕಿತ್ಸೆಗೆ ಅದು ಏನು ಮಾಡುತ್ತದೆ ಎಂಬುದರ ಬಗ್ಗೆ.

ಮುಚ್ಚಿದ ಬಾಗಿಲುಗಳು

ಎದುರಿಗಿದ್ದ ದಾರಿಗಳನ್ನು ಕೌನ್ಸೆಲರ್ ಒಂದೊಂದಾಗಿ ನೋಡಿದರು.

ಮೊದಲನೆಯದು ಎಲ್ಲರ ಬಾಯಲ್ಲಿದ್ದ ಕೌನ್ಸೆಲಿಂಗ್ ಕಾಂಪ್ಯಾಕ್ಟ್. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ ಮತ್ತು ರಾಜ್ಯ ಸರ್ಕಾರಗಳ ಮಂಡಳಿ ಸೇರಿ ರೂಪಿಸಿದ ಅಂತರರಾಜ್ಯ ಒಪ್ಪಂದ ಇದು. ಕರಡು 2020ರ ಕೊನೆಗೆ ಸಿದ್ಧವಾಯಿತು. ಒಂದು ಸದಸ್ಯ ರಾಜ್ಯದ ನಿವಾಸಿಯಾಗಿದ್ದು ಅಲ್ಲಿ ಸ್ವತಂತ್ರವಾಗಿ ವೃತ್ತಿ ಮಾಡುವ, ಕಪ್ಪುಚುಕ್ಕೆ ಇಲ್ಲದ ಲೈಸೆನ್ಸ್ ಇರುವವರು ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆ ಮುಗಿಸಿಕೊಂಡರೆ, ಇನ್ನೊಂದು ಸದಸ್ಯ ರಾಜ್ಯದಲ್ಲಿ ಕೆಲಸ ಮಾಡುವ ‘ಪ್ರಿವಿಲೇಜ್’ ಸಿಗುತ್ತದೆ. ನರ್ಸ್‌ಗಳ ಕಾಂಪ್ಯಾಕ್ಟಿನಲ್ಲಿ ಒಂದೇ ಲೈಸೆನ್ಸ್ ಎಲ್ಲ ಸದಸ್ಯ ರಾಜ್ಯಗಳಿಗೂ ನಡೆಯುತ್ತದೆ. ಇಲ್ಲಿ ಹಾಗಿಲ್ಲ, ಒಂದೊಂದು ರಾಜ್ಯಕ್ಕೂ ಒಂದೊಂದು ಪ್ರಿವಿಲೇಜ್ ಪಡೆಯಬೇಕು. ಆಯಾ ರಾಜ್ಯ ತನ್ನ ಕಾನೂನಿನ ಪರೀಕ್ಷೆ ಬೇಕೆಂದರೆ ಬರೆಯಬೇಕು.

ಈ ಒಪ್ಪಂದಕ್ಕೆ ದೇಶದಲ್ಲೇ ಮೊದಲು ಸಹಿ ಹಾಕಿದ ರಾಜ್ಯ ಯಾವುದು? ಜಾರ್ಜಿಯಾ, 2021ರ ಮೇ ತಿಂಗಳಲ್ಲಿ. ಜಾರಿಗೆ ಬೇಕಾದ ಹತ್ತು ರಾಜ್ಯಗಳ ಲೆಕ್ಕ 2022ರಲ್ಲೇ ತುಂಬಿತು. ಅದೇ ವರ್ಷ ಅಕ್ಟೋಬರಿನಲ್ಲಿ ಒಪ್ಪಂದವನ್ನು ನಡೆಸುವ ಆಯೋಗ ಮೊದಲ ಸಭೆ ಸೇರಿತು. 2024ರಲ್ಲಿ ನಮ್ಮ ಪ್ರಕರಣ ನಡೆಯುವಾಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಒಳಗಿದ್ದವು. ಹಾಗಿದ್ದೂ ಅಷ್ಟು ಹೊತ್ತಿಗೆ ಒಬ್ಬೇ ಒಬ್ಬ ಕೌನ್ಸೆಲರ್‌ಗೆ ಒಂದೇ ಒಂದು ಪ್ರಿವಿಲೇಜ್ ಸಿಕ್ಕಿರಲಿಲ್ಲ. ಯಾರ ಲೈಸೆನ್ಸ್ ಚಾಲ್ತಿಯಲ್ಲಿದೆ, ಯಾರ ಮೇಲೆ ದೂರಿದೆ ಎಂದು ರಾಜ್ಯಗಳು ಒಬ್ಬರಿಗೊಬ್ಬರು ತಿಳಿಸುವ ಕಂಪ್ಯೂಟರ್ ವ್ಯವಸ್ಥೆಯೇ ಇನ್ನೂ ಕಟ್ಟುವ ಹಂತದಲ್ಲಿತ್ತು. ಅದನ್ನು ಕೊನೆಗೆ ವಾಕ್-ಶ್ರವಣ ತಜ್ಞರ ಮತ್ತು ಆಕ್ಯುಪೇಷನಲ್ ಥೆರಪಿಯವರ ಕಾಂಪ್ಯಾಕ್ಟುಗಳ ಜತೆ ಸೇರಿ ಕಟ್ಟಿದರು, ಹೆಸರು ಕಾಂಪ್ಯಾಕ್ಟ್‌ಕನೆಕ್ಟ್. ಶಾಸನಸಭೆಯಲ್ಲಿ ಕೈ ಎತ್ತುವುದು ಒಂದು ದಿನದ ಕೆಲಸ. ಗುಮಾಸ್ತರ ಮೇಜಿನ ಮೇಲಿನ ಕೆಲಸಕ್ಕೆ ವರ್ಷಗಳೇ ಹಿಡಿದವು, ಅದಕ್ಕೆ ಪತ್ರಿಕೆಯಲ್ಲಿ ಸುದ್ದಿಯೂ ಆಗುವುದಿಲ್ಲ.

ಅದೆಲ್ಲ ಸಿದ್ಧವಿದ್ದಿದ್ದರೂ ಈ ತಾಯಿಗೆ ಉಪಯೋಗವಿರಲಿಲ್ಲ. ಕ್ಯಾಲಿಫೋರ್ನಿಯಾ ಕಾಂಪ್ಯಾಕ್ಟಿನ ಸದಸ್ಯ ಅಲ್ಲ. ಮನಶ್ಶಾಸ್ತ್ರಜ್ಞರ ಇಂಥದೇ ಒಪ್ಪಂದವಾದ ಸೈಪ್ಯಾಕ್ಟ್‌ನಲ್ಲೂ ಇಲ್ಲ, ನರ್ಸ್‌ಗಳ ಕಾಂಪ್ಯಾಕ್ಟಿನಲ್ಲೂ ಇಲ್ಲ. ಫ್ರೀಮಾಂಟ್ ಸೇರಿದಂತೆ ನಮ್ಮವರು ಕಿಕ್ಕಿರಿದಿರುವ ಬೇ ಏರಿಯಾ ಹೀಗೆ ಹೊರಗೇ ಉಳಿಯುತ್ತದೆ.

ಎರಡನೆಯ ದಾರಿ, ಕ್ಯಾಲಿಫೋರ್ನಿಯಾದ ಲೈಸೆನ್ಸನ್ನೇ ಪಡೆಯುವುದು. ಹೊರರಾಜ್ಯದವರಿಗೆ ದಾರಿ ಇದೆ, ಆದರೆ ಆ ರಾಜ್ಯದ ಕಾನೂನು ಮತ್ತು ನೀತಿಯ ಪರೀಕ್ಷೆ ಬರೆಯಬೇಕು, ಅಲ್ಲಿಯದೇ ಕೆಲವು ಕೋರ್ಸ್ ಮುಗಿಸಬೇಕು, ಶುಲ್ಕ ಕಟ್ಟಬೇಕು, ಕಾಯಬೇಕು. ಒಬ್ಬ ರೋಗಿಗಾಗಿ ಇಷ್ಟು ಮಾಡಲು ಕೌನ್ಸೆಲರ್ ಮನಸ್ಸು ಮಾಡಿದರೂ ಅದು ಸೆಪ್ಟೆಂಬರಿಗೆ ಕೈಗೆ ಸಿಗುವಂಥದ್ದಾಗಿರಲಿಲ್ಲ.

ಮೂರನೆಯದು ಗಂಡ ಸೂಚಿಸಿದ್ದು: “ಬೆಂಗಳೂರಲ್ಲೇ ಯಾರನ್ನಾದ್ರೂ ಝೂಮ್‌ನಲ್ಲಿ ನೋಡೋಣ, ದುಡ್ಡೂ ಕಮ್ಮಿ, ಕನ್ನಡಾನೂ ಇರತ್ತೆ.” ಇದನ್ನು ಬಹಳ ಮನೆಗಳಲ್ಲಿ ಸದ್ದಿಲ್ಲದೆ ಮಾಡುತ್ತಾರೆ. ಕ್ಯಾಲಿಫೋರ್ನಿಯಾದ ನಿಯಮ ಅಟ್ಲಾಂಟಾದವರಿಗೆ ಹೇಗೋ ಬೆಂಗಳೂರಿನವರಿಗೂ ಹಾಗೆಯೇ. ವಿಮೆ ದುಡ್ಡು ಕೊಡುವುದನ್ನು ಮರೆಯಬೇಕು. ಅದಕ್ಕಿಂತ ಮುಖ್ಯ, ರಾತ್ರಿ ಸ್ಥಿತಿ ಕೆಟ್ಟರೆ ಜಯನಗರದಲ್ಲಿ ಕೂತವರು ಫ್ರೀಮಾಂಟಿಗೆ ಯಾರನ್ನು ಕಳಿಸಿಯಾರು? ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂಬ ನಿಯಮ 1992ರ ಕಾಯ್ದೆಯಿಂದ ಬಂದಿದೆ. ಕೌನ್ಸೆಲರ್‌ಗಳನ್ನು ಒಂದು ಕಾನೂನಿನ ಕೊಡೆಯಡಿ ತರುವ ಪ್ರಯತ್ನ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಿಂದ ಈಚಿನದು. ನಮ್ಮಲ್ಲಿ ಬೋರ್ಡ್ ಹಾಕಿಕೊಂಡವರೆಲ್ಲ ಕೌನ್ಸೆಲರ್ ಆಗಿಬಿಡುವ ಪರಿಸ್ಥಿತಿ ನೋಡಿದವರಿಗೆ ಕ್ಯಾಲಿಫೋರ್ನಿಯಾದ ಬಿಗಿ ಅಷ್ಟೇನೂ ಅತಿ ಅನಿಸಲಾರದು.

ಮೂವತ್ತು ದಿನ

ನಾಲ್ಕನೆಯ ದಾರಿ ತೆರೆದಿತ್ತು. 2023ರಲ್ಲಿ ಕ್ಯಾಲಿಫೋರ್ನಿಯಾ ಎಬಿ 232 ಎಂಬ ಮಸೂದೆ ಪಾಸು ಮಾಡಿತ್ತು, ಜಾರಿಗೆ ಬಂದದ್ದು 2024ರ ಜನವರಿಯಿಂದ. ಬೇರೆ ರಾಜ್ಯದ ಕೌನ್ಸೆಲರ್ ತಮ್ಮಲ್ಲಿ ಆಗಲೇ ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗ, ಒಂದು ಕ್ಯಾಲೆಂಡರ್ ವರ್ಷದಲ್ಲಿ ಸತತ 30 ದಿನ ಚಿಕಿತ್ಸೆ ಮುಂದುವರಿಸಬಹುದು. ಮೊದಲೇ ಅಲ್ಲಿನ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್‌ಗೆ ತಮ್ಮ ಲೈಸೆನ್ಸಿನ ವಿವರ ಕೊಡಬೇಕು. ತಮಗೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇಲ್ಲ, ಇದು ಇಷ್ಟೇ ದಿನ ಎಂದು ರೋಗಿಗೆ ತಿಳಿಸಬೇಕು, ಬೋರ್ಡಿನ ಜಾಲತಾಣದ ವಿಳಾಸವನ್ನೂ ಕೊಡಬೇಕು.

ಸತತ ಎಂಬ ಪದವೇ ಇಲ್ಲಿ ಎಲ್ಲ. ಗಡಿಯಾರ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ವಾರಕ್ಕೊಂದರಂತೆ ಲೆಕ್ಕ ಹಾಕಿದರೆ ಮೊದಲ ದಿನದಿಂದ ಇಪ್ಪತ್ತೊಂಬತ್ತನೆಯ ದಿನದವರೆಗೆ ಐದು ಕರೆ. ಕೌನ್ಸೆಲರ್ ಒಂದು ಜಾಣತನ ಮಾಡಿದರು: ಸಾಮಾನು ಸಾಗಿಸುವ ಗಡಿಬಿಡಿಯ ವಾರದಲ್ಲಿ ಕರೆ ಇಟ್ಟುಕೊಳ್ಳದೆ, ಮನೆ ಒಂದು ಹದಕ್ಕೆ ಬಂದ ಮೇಲೆ ಎಣಿಕೆ ಶುರು ಮಾಡಿದರು. ಅಟ್ಲಾಂಟಾದ ಹತ್ತು ಗಂಟೆ ಫ್ರೀಮಾಂಟಿಗೆ ಬೆಳಗಿನ ಏಳು, ಮಗು ಏಳುವ ಹೊತ್ತು. ಹಾಗಾಗಿ ಸಮಯ ಬದಲಿಸಬೇಕಾಯಿತು. ಮೂರನೆಯ ವಾರ ಮಗುವಿಗೆ ಜ್ವರ ಬಂದು ಒಂದು ಕರೆ ತಪ್ಪಿಹೋಯಿತು. ಉಳಿದದ್ದು ನಾಲ್ಕು.

ಆ ನಾಲ್ಕರಲ್ಲಿ ಚಿಕಿತ್ಸೆ ಎಷ್ಟು ನಡೆಯಿತು ಎಂದು ಕೇಳಿದರೆ, ಹೆಚ್ಚಿಲ್ಲ. ಮೊದಲನೆಯದರಲ್ಲಿ ಹೊಸ ಊರಿನ ವಿಳಾಸ, ಹತ್ತಿರದ ಆಸ್ಪತ್ರೆ, ಗಂಡನ ಆಫೀಸಿನ ನಂಬರು ಬರೆದುಕೊಂಡು, ಸ್ಥಿತಿ ಕೆಟ್ಟರೆ ಏನು ಮಾಡಬೇಕೆಂಬ ಯೋಜನೆಯನ್ನು ಪೂರ್ತಿ ಹೊಸದಾಗಿ ಮಾಡಿದರು. ಎರಡನೆಯದರಲ್ಲಿ ಮಾಹಿತಿ ಹಂಚಲು ಒಪ್ಪಿಗೆಯ ಸಹಿ, ಮುಂದಿನ ಕೌನ್ಸೆಲರ್‌ಗೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಮಾತು. ಮೂರನೆಯದರಲ್ಲಿ ತಾಯಿ ಸಿಟ್ಟಾದರು. “ಅಮ್ಮನೂ ಆರು ತಿಂಗಳಿಗೆ ಹೋದ್ರು, ನೀವೂ ಮೂವತ್ತು ದಿನಕ್ಕೆ ಹೋಗ್ತೀರಿ. ಎಲ್ಲಾದಕ್ಕೂ ಒಂದು ವೀಸಾ ಇದೆಯಲ್ಲಾ ಈ ದೇಶದಲ್ಲಿ.” ಇಡೀ ಪ್ರಕರಣದಲ್ಲಿ ಚಿಕಿತ್ಸೆ ಎನ್ನಬಹುದಾದ್ದು ಆ ಗಂಟೆಯಲ್ಲೇ ನಡೆಯಿತೆಂದು ನನ್ನ ಅನಿಸಿಕೆ, ಏಕೆಂದರೆ ಅಮ್ಮ ಹೋದದ್ದಕ್ಕೆ ಸಿಟ್ಟಾಗಲು ಅವರಿಗೆ ಅಲ್ಲಿಯವರೆಗೆ ಆಗಿರಲೇ ಇಲ್ಲ. ಅದನ್ನು ಹಿಡಿದು ಮುಂದೆ ಹೋಗಲು ಬೇಕಾದ ವಾರಗಳು ಉಳಿದಿರಲಿಲ್ಲ.

ನಾಲ್ಕನೆಯ ಕರೆಯ ಹೊತ್ತಿಗೆ ಬೇ ಏರಿಯಾದಲ್ಲಿ ಲೈಸೆನ್ಸ್ ಇರುವ ಕನ್ನಡದ ಕೌನ್ಸೆಲರ್ ಒಬ್ಬರೇ ಸಿಕ್ಕಿದ್ದರು. ಅವರಲ್ಲಿ ಜಾಗ ಖಾಲಿ ಇರಲಿಲ್ಲ. ಕೊನೆಗೆ ಗೊತ್ತಾದವರು ತಮಿಳು ಮನೆಮಾತಿನವರು. ಬಾಣಂತನ ಅಂದರೆ ಏನೆಂದು ಅವರಿಗೆ ವಿವರಿಸಬೇಕಿರಲಿಲ್ಲ, ಮಾತು ಇಂಗ್ಲಿಷಿನಲ್ಲಿ. ನಡುವಿನ ಮೂರು ವಾರದ ಖಾಲಿಗೆ ಪೋಸ್ಟ್‌ಪಾರ್ಟಮ್ ಸಪೋರ್ಟ್ ಇಂಟರ್‌ನ್ಯಾಷನಲ್ ದಕ್ಷಿಣ ಏಷ್ಯಾದ ತಾಯಂದಿರಿಗಾಗಿ ನಡೆಸುವ ಆನ್‌ಲೈನ್ ಗುಂಪು ಆಸರೆಯಾಯಿತು. ತಾಯಂದಿರು ತಾಯಂದಿರ ಜತೆ ಮಾತಾಡುವುದಕ್ಕೆ ಲೈಸೆನ್ಸಿನ ಗಡಿ ಇಲ್ಲ, ಅದು ಚಿಕಿತ್ಸೆ ಅಲ್ಲವಾದ್ದರಿಂದ.

ಫೋನ್ ನಂಬರಿನ ಸಂಗತಿ

ಹೊಸ ಯೋಜನೆ ಬರೆಯುವಾಗ ಒಂದು ಸಣ್ಣ ವಿಷಯ ಸಿಕ್ಕಿಕೊಂಡಿತು. ತಾಯಿಯ ಮೊಬೈಲ್ ನಂಬರ್ ಇನ್ನೂ 770ರಿಂದ ಶುರುವಾಗುವ ಅಟ್ಲಾಂಟಾದ್ದು. ಸಂಕಟದ ಹೊತ್ತಿಗೆ ಕರೆಯಲೆಂದು 2022ರ ಜುಲೈಯಲ್ಲಿ ಶುರುವಾದ 988 ಸಹಾಯವಾಣಿ ಬಹುಕಾಲ ಕರೆಯನ್ನು ಏರಿಯಾ ಕೋಡ್ ನೋಡಿಯೇ ತಿರುಗಿಸುತ್ತಿತ್ತು. ಫ್ರೀಮಾಂಟಿನಿಂದ ಕರೆದರೆ ಫೋನ್ ಎತ್ತುವುದು ಜಾರ್ಜಿಯಾದ ಕೇಂದ್ರ! ಕರೆ ಎಲ್ಲಿಂದ ಬರುತ್ತಿದೆ ಎಂದು ಟವರ್ ನೋಡಿ ತಿರುಗಿಸುವ ವ್ಯವಸ್ಥೆಯನ್ನು ಟಿ-ಮೊಬೈಲ್ ಮತ್ತು ವೆರಿಝಾನ್ ಕಂಪನಿಗಳು ಶುರು ಮಾಡಿದ್ದು 2024ರ ಸೆಪ್ಟೆಂಬರಿನಲ್ಲಿ, ಅಂದರೆ ಇವರು ಮನೆ ಬದಲಿಸಿದ ತಿಂಗಳಲ್ಲೇ. ಹಾಗಾಗಿ ಯೋಜನೆಯಲ್ಲಿ 988ರ ಜತೆಗೆ ತಾಯಂದಿರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿಯ ನಂಬರನ್ನೂ, ಫ್ರೀಮಾಂಟಿನಿಂದಲೇ 911 ಕರೆಯಬೇಕೆಂಬುದನ್ನೂ ಸೇರಿಸಿದರು. ಚಿಕಿತ್ಸಕರಿಗೆ ಗಡಿ ದಾಟಲು ಬಿಡದ ದೇಶದಲ್ಲಿ ಸಂಕಟದ ಕರೆ ಎರಡು ವರ್ಷ ತಪ್ಪು ರಾಜ್ಯಕ್ಕೆ ಹೋಗುತ್ತಿತ್ತು.

ಈಗಾದರೆ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಕೌನ್ಸೆಲಿಂಗ್ ಕಾಂಪ್ಯಾಕ್ಟ್ ಕಡೆಗೂ ಬಾಗಿಲು ತೆಗೆಯಿತು. ಮೊದಲು ಒಳಬಂದದ್ದು ಅರಿಜೋನಾ ಮತ್ತು ಮಿನ್ನೆಸೋಟ. ಮೊದಲ ಸಹಿಯ ಜಾರ್ಜಿಯಾ ಆ ಇಬ್ಬರಲ್ಲಿ ಇರಲಿಲ್ಲ. ಮಿಕ್ಕ ರಾಜ್ಯಗಳು ತಮ್ಮ ತಮ್ಮ ಕಚೇರಿ ಸಿದ್ಧವಾದಂತೆ ಸೇರಿಕೊಳ್ಳುವ ಏರ್ಪಾಡು ಇದು.

ಕಾಂಪ್ಯಾಕ್ಟ್ ಪೂರ್ತಿ ಜಾರಿಯಾದರೂ ಅದು ನೋಡುವುದು ಕೌನ್ಸೆಲರ್ ಮನೆ ಯಾವ ರಾಜ್ಯದಲ್ಲಿದೆ ಎಂಬುದನ್ನು. ಕೌನ್ಸೆಲರ್ ಸ್ವತಃ ಕ್ಯಾಲಿಫೋರ್ನಿಯಾಕ್ಕೋ ನ್ಯೂಯಾರ್ಕಿಗೋ ಮನೆ ಬದಲಿಸಿದರೆ, ಜಾರ್ಜಿಯಾದ ಲೈಸೆನ್ಸ್ ಕೈಯಲ್ಲಿದ್ದರೂ ಪ್ರಿವಿಲೇಜ್ ಇಲ್ಲ. ಇನ್ನೂ ಹಿರಿಯರ ಕೈಕೆಳಗೆ ಗಂಟೆ ಲೆಕ್ಕ ಮುಗಿಸುತ್ತಿರುವ ಹೊಸಬರಿಗೂ ಇಲ್ಲ. ಸೋಷಿಯಲ್ ವರ್ಕರ್‌ಗಳದು ಬೇರೆಯೇ ಕಾಂಪ್ಯಾಕ್ಟ್. ರೋಗಿಗೆ ಇವರೆಲ್ಲ ಒಂದೇ, ಮಾತಾಡುವ ಮೇಡಂ.

ಕ್ಯಾಲಿಫೋರ್ನಿಯಾದ ಮೂವತ್ತು ದಿನದ ನಿಯಮ ಈ ಪ್ರಕರಣದಲ್ಲಿ ಕಾಂಪ್ಯಾಕ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬಂತು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದಕ್ಕೆ ಆಯೋಗ ಬೇಡ, ಹತ್ತು ರಾಜ್ಯ ಬೇಡ, ಹೊಸ ಸಾಫ್ಟ್‌ವೇರ್ ಬೇಡ. ಒಂದು ರಾಜ್ಯ ತನ್ನಷ್ಟಕ್ಕೆ ತಾನು ಮಾಡಿಕೊಂಡ ನಿಯಮ. ರೂಪ ಸರಿಯಾಗಿದೆ, ಅಳತೆ ಸಾಲದು. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ರಜೆಗೋ ಕೆಲಸಕ್ಕೋ ಬಂದುಹೋಗುವವರು ಇರಬೇಕು, ಸಂಸಾರ ಕಟ್ಟಿಕೊಂಡು ಬಂದಿಳಿಯುವವರಲ್ಲ. ಹೊಸ ಊರಿನಲ್ಲಿ ವಿಮೆಗೆ ಒಗ್ಗುವ, ಜಾಗ ಖಾಲಿ ಇರುವ ಕೌನ್ಸೆಲರ್ ಹುಡುಕಲು ಒಂದು ತಿಂಗಳು ಯಾವ ಮೂಲೆಗೂ ಸಾಲದು, ಅದರಲ್ಲೂ ಭಾಷೆ ಬೇಕೆಂದರೆ. ಆರು ತಿಂಗಳು ಕೊಟ್ಟಿದ್ದರೆ, ಅಥವಾ ಸ್ಥಳೀಯ ಕೌನ್ಸೆಲರ್ ಜತೆ ಎರಡು ಜಂಟಿ ಕರೆಗೆ ಅವಕಾಶವಿದ್ದಿದ್ದರೆ, ಕ್ಯಾಲಿಫೋರ್ನಿಯಾದ ಬೋರ್ಡಿನ ಅಧಿಕಾರ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ: ಆ ದಿನಗಳಲ್ಲಿ ತನ್ನ ಕಾನೂನಿಗೆ ಒಳಪಡಬೇಕೆಂದು ಅದು ಹೇಗೂ ಷರತ್ತು ಹಾಕಬಹುದು.

ಡಿಸೆಂಬರಿನಲ್ಲಿ ಹೊಸ ಕೌನ್ಸೆಲರ್ ಮತ್ತೆ ಎಡಿನ್‌ಬರೊ ಹಾಳೆ ಕೊಟ್ಟಾಗ ಅಂಕ ಆಗಸ್ಟಿನದಕ್ಕಿಂತ ಸ್ವಲ್ಪ ಮೇಲೇರಿತ್ತು, 13 ದಾಟಿರಲಿಲ್ಲ. ಮನೆ ಬದಲಿಸಿದ ದಣಿವೋ, ಮಳೆಗಾಲವೋ, ಕೌನ್ಸೆಲರ್ ಬದಲಾದದ್ದೋ, ಒಂದು ಹಾಳೆಯಿಂದ ಬೇರ್ಪಡಿಸಿ ಹೇಳಲಾಗದು. ಅಟ್ಲಾಂಟಾದ ಕೌನ್ಸೆಲರ್ ಅತ್ತ ಕ್ಯಾಲಿಫೋರ್ನಿಯಾದ ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆ. ಜತೆಗೆ, ಹೊಸದಾಗಿ ಬರುವವರಿಗೆ ಕೊಡುವ ಮೊದಲ ಫಾರಂಗೆ ಒಂದು ಸಾಲು ಸೇರಿಸಿದ್ದಾರೆ: ಮುಂದಿನ ಒಂದು ವರ್ಷದಲ್ಲಿ ನಿಮ್ಮ ಮನೆಯವರ ಕೆಲಸ ಬೇರೆ ರಾಜ್ಯಕ್ಕೆ ಬದಲಾಗುವ ಸಂಭವ ಇದೆಯೇ, ಇದ್ದರೆ ಯಾವ ರಾಜ್ಯಕ್ಕೆ?